ದಡ ಮುಟ್ಟಲು ಮೆಟ್ಟಿಲು ಏಕೆ ಹತ್ತಬೇಕು?

ಪ್ರಿಯ ಓದುಗರೇ,

ಹೆದ್ದಾರಿಯ ಇಂಟರ್‌ಚೇಂಜ್ (ರಸ್ತೆಗಳು ಮೇಲೆ ಕೆಳಗೆ ಹಾದು ಒಂದಕ್ಕೊಂದು ಸೇರುವ ಕೂಡುಜಾಗ) ಮತ್ತು ಸೇತುವೆಗಳನ್ನು ಹೊಸದಾಗಿ ಕಟ್ಟಿ, ನಗರವನ್ನು ಮತ್ತೆ ನೀರಿನ ದಡಕ್ಕೆ ಸೇರಿಸುವ ಯೋಜನೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ದೀರ್ಘ ಪತ್ರ ತಲುಪಿದೆ. ನಿಮ್ಮ ಆಕ್ಷೇಪಗಳು ನಾಲ್ಕು. ಓಡಾಟಕ್ಕೆ ಅನುಕೂಲವಾಗಿಯೇ ಇರುವ ಇಂಟರ್‌ಚೇಂಜನ್ನು ಕೆಡವುವುದು ದುಂದು. ಕೆಡವಿದರೆ ವಾಹನಗಳು ಊರೊಳಗೆ ನುಗ್ಗುತ್ತವೆ. ಜನ ದಡಕ್ಕೆ ಹೋಗಬೇಕೆಂದರೆ ಪಾದಚಾರಿಗಳಿಗೊಂದು ಮೇಲ್ಸೇತುವೆ ಕಟ್ಟಿಕೊಟ್ಟರೆ ಸಾಕು. ಕೊನೆಯದಾಗಿ, ಇಷ್ಟೆಲ್ಲ ಮಾಡಿ ಗಳಿಸಿದ ದಡ ಹಣವಂತರ ಪಾಲಾಗುತ್ತದೆ. ಪತ್ರದ ತುದಿಯಲ್ಲಿ, ಇಂಥ ಯೋಜನೆಯ ನಕ್ಷೆ ಎದುರಿಗೆ ಬಂದರೆ ಸಾಮಾನ್ಯ ನಾಗರಿಕ ಮೊದಲು ಏನನ್ನು ನೋಡಬೇಕು ಎಂದೂ ಕೇಳಿದ್ದೀರಿ.

ನಾಲ್ಕನೆಯ ಆಕ್ಷೇಪದಲ್ಲಿ ನಾನು ನಿಮ್ಮ ಪಕ್ಷವೇ. ಮೂರನೆಯದನ್ನು ಮಾತ್ರ ಖಂಡಿತ ಒಪ್ಪಲಾರೆ. ಉಳಿದೆಲ್ಲ ಚರ್ಚೆಯೂ ಅದರ ಮೇಲೆಯೇ ನಿಂತಿರುವುದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಹೆದ್ದಾರಿಯ ಮೇಲೆ ಪಾದಚಾರಿ ಸೇತುವೆ ಕಟ್ಟಬೇಕಾದರೆ ಕೆಳಗೆ ದೊಡ್ಡ ಲಾರಿಗಳು ತಾಗದೆ ಹೋಗಬೇಕು. ಸೇತುವೆಯ ಗರ್ಡರ್‌ನ ದಪ್ಪವನ್ನೂ ಸೇರಿಸಿದರೆ, ನಡೆಯುವ ನೆಲ ರಸ್ತೆಯಿಂದ ಕನಿಷ್ಠ 6 ಮೀಟರ್ ಎತ್ತರದಲ್ಲಿರುತ್ತದೆ. ಗಾಲಿಕುರ್ಚಿ ಏರಬಲ್ಲ ಇಳಿಜಾರು ಹನ್ನೆರಡಕ್ಕೆ ಒಂದು, ಅಂದರೆ 12 ಮೀಟರ್ ಮುಂದೆ ಹೋದಾಗ 1 ಮೀಟರ್ ಏರಿಕೆ. 6 ಮೀಟರ್ ಏರಲು 72 ಮೀಟರ್ ಇಳಿಜಾರು ಬೇಕು, ಆಚೆ ಬದಿಯಲ್ಲಿ ಇಳಿಯಲು ಮತ್ತೆ 72. ನಡುನಡುವೆ ನಿಲ್ಲಲು ಬೇಕಾದ ಸಮತಟ್ಟು ಜಾಗ ಬೇರೆ. 30 ಮೀಟರ್ ಅಗಲದ ರಸ್ತೆಯನ್ನು ದಾಟಲು ಒಬ್ಬ ಮನುಷ್ಯ 170 ಮೀಟರಿಗಿಂತ ಹೆಚ್ಚು ದೂರ ಹೋಗಬೇಕು. ಮಂಡಿನೋವಿರುವ ಮುದುಕರು, ಕೈಗೂಸಿನ ತಳ್ಳುಗಾಡಿ ಹಿಡಿದ ತಾಯಿ, ಎರಡು ಕೈಯಲ್ಲೂ ಚೀಲ ಹೊತ್ತವರು ಇಷ್ಟು ಸುತ್ತು ಹಾಕಿ ನೀರು ನೋಡಲು ಬರುತ್ತಾರೆಯೇ? ಲಿಫ್ಟ್ ಹಾಕಿದರಾಯಿತು ಎನ್ನಬಹುದು. ಬೀದಿಬದಿಯ ಲಿಫ್ಟು ಕೆಟ್ಟು ನಿಂತಾಗ ಅದನ್ನು ನಂಬಿ ಬಂದವರ ಗತಿ ಏನೆಂದು ವಿವರಿಸಬೇಕಾಗಿಲ್ಲ. ಇಂಥ ಕಡೆ ಜನ ಕೆಳಗಿನಿಂದಲೇ ರಸ್ತೆ ದಾಟುತ್ತಾರೆ, ಕೆಲವರು ಜೀವ ಕಳೆದುಕೊಳ್ಳುತ್ತಾರೆ. ಆಮೇಲೆ ಜನರಿಗೆ ಶಿಸ್ತಿಲ್ಲ ಎನ್ನುವ ಮಾತು ಕೇಳಿಬರುತ್ತದೆ. ಆ ಮಾತು ನನಗೆ ಸಿಟ್ಟು ತರಿಸುತ್ತದೆ. ವಾಹನ ಸಮನೆಲದಲ್ಲಿ ಸಾಗಲಿ, ನಡೆಯುವವನು ಮೇಲೆ ಹತ್ತಿ ಇಳಿಯಲಿ ಎಂದು ತೀರ್ಮಾನಿಸಿದ್ದು ಯಾರು? ಆ ತೀರ್ಮಾನವನ್ನೇ ತಿರುಗಿ ನೋಡಬೇಕೆಂಬುದು ನನ್ನ ವಾದ.

ಇದು ಒಂದು ರಸ್ತೆಯ ಲೆಕ್ಕ. ಇಂಟರ್‌ಚೇಂಜ್ ಇರುವಲ್ಲಿ ಕಥೆ ಇನ್ನೂ ಕಷ್ಟದ್ದು. ಕ್ಲೋವರ್‌ಲೀಫ್ ಮಾದರಿಯಲ್ಲಿ ನಾಲ್ಕು ಎಸಳಿನ ಎಲೆಯಂತೆ ನಾಲ್ಕು ಮೂಲೆಗೂ, ಒಂದು ರಸ್ತೆಯಿಂದ ಇನ್ನೊಂದಕ್ಕೆ ದಾಟಿಸುವ ಒಂದೊಂದು ಸುತ್ತುರ‍್ಯಾಂಪ್ ಇರುತ್ತದೆ. ಸುತ್ತಿನ ತ್ರಿಜ್ಯ ಬರೀ 50 ಮೀಟರ್ ಎಂದಿಟ್ಟುಕೊಂಡರೂ ಅದರ ಹೊಟ್ಟೆಯೊಳಗೆ ಸುಮಾರು 7,850 ಚದರ ಮೀಟರ್, ಹತ್ತಿರ ಹತ್ತಿರ ಎರಡು ಎಕರೆ ನೆಲ ಸಿಕ್ಕಿಕೊಳ್ಳುತ್ತದೆ. ನಾಲ್ಕು ಸುತ್ತಿಗೆ ಎಂಟು ಎಕರೆ. ಹುಲ್ಲು ಬೆಳೆದಿರುತ್ತದೆ, ನಾಲ್ಕು ಮರಗಳೂ ಇರಬಹುದು, ಆದರೆ ಅಲ್ಲಿಗೆ ಯಾರೂ ಕಾಲಿಡುವಂತಿಲ್ಲ. ಊರಿನ ಅತಿ ಬೆಲೆಬಾಳುವ ನೆಲ ಹೀಗೆ ಯಾರಿಗೂ ದಕ್ಕದೆ ಬಿದ್ದಿರುತ್ತದೆ.

ಇದೆಲ್ಲ ದಡದಲ್ಲೇ ಏಕೆ ಬಂದು ಕೂರುತ್ತದೆ ಎಂಬುದಕ್ಕೆ ಕಾರಣ ಸೇತುವೆ. ಕೆಳಗೆ ದೋಣಿ, ಹಡಗು ಹಾಯಲು ಸೇತುವೆ ನೆಲದಿಂದ 10 ಮೀಟರ್ ಎತ್ತರವಾದರೆ, ನೂರಕ್ಕೆ ಐದರ ಇಳಿಜಾರಿನಲ್ಲಿ ಅದು ನೆಲ ಮುಟ್ಟಲು 200 ಮೀಟರ್ ಬೇಕು. ಆ 200 ಮೀಟರ್ ಬೀಳುವುದು ನದಿಯ ದಂಡೆಯ ಮೇಲೆಯೇ. ಹೀಗಾಗಿ ಸೇತುವೆಯ ಎತ್ತರವನ್ನೂ ಜಾಗವನ್ನೂ ಮೊದಲು ನಿಗದಿ ಮಾಡಿ, ದಡದ ಮಾತನ್ನು ಆಮೇಲೆ ನೋಡೋಣ ಎಂದರೆ ಆಗಲೇ ತಡವಾಗಿರುತ್ತದೆ. ಎರಡೂ ಒಂದೇ ಮೇಜಿನ ಮೇಲೆ, ಒಂದೇ ದಿನ ತೀರ್ಮಾನವಾಗಬೇಕು.

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ನಡೆದದ್ದು ಇದೇ. 1950ರ ದಶಕದ ಕೊನೆಯಲ್ಲಿ ಕಟ್ಟಿದ ಐ-195 ಹೆದ್ದಾರಿ ನಗರಕೇಂದ್ರವನ್ನೂ ಪಕ್ಕದ ಜ್ಯೂವೆಲ್ರಿ ಡಿಸ್ಟ್ರಿಕ್ಟನ್ನೂ ಬೇರೆ ಮಾಡಿ ನದಿಯ ಮೇಲೆ ಹಾದುಹೋಗಿತ್ತು. ಐ-95 ಜೊತೆ ಅದು ಸೇರುವ ಇಂಟರ್‌ಚೇಂಜ್ ಹಳತಾಗಿತ್ತು, ಸೇತುವೆಯೂ ಹಣ್ಣಾಗಿತ್ತು. ಹೇಗೂ ಹೊಸದಾಗಿ ಕಟ್ಟಲೇಬೇಕಾದ ಸ್ಥಿತಿ. ಆಗ ಅವರು ಹಳೆಯ ಜಾಗದಲ್ಲೇ ಕಟ್ಟದೆ, ಹೆದ್ದಾರಿಯನ್ನು ದಕ್ಷಿಣಕ್ಕೆ ಸರಿಸಿ, ಚಂಡಮಾರುತದ ಅಲೆಗಳನ್ನು ತಡೆಯಲು ಮೊದಲೇ ಇದ್ದ ಫಾಕ್ಸ್ ಪಾಯಿಂಟ್ ತಡೆಗೋಡೆಯ ಆಚೆಗೆ ಒಯ್ದರು. ಹೊಸ ಸೇತುವೆಯ 400 ಅಡಿ ಉದ್ದದ ಉಕ್ಕಿನ ಕಮಾನನ್ನು ಬೇರೆಡೆ ಜೋಡಿಸಿ, 2006ರ ಆಗಸ್ಟ್‌ನಲ್ಲಿ ಬಾರ್ಜ್‌ಗಳ ಮೇಲೆ ಕೊಲ್ಲಿಯ ಮೂಲಕ ತೇಲಿಸಿ ತಂದು ಕೂರಿಸಿದರು. ಹೊಸ ದಾರಿ ಸಿದ್ಧವಾಗುವವರೆಗೂ ಹಳೆಯದರಲ್ಲಿ ವಾಹನಗಳು ಓಡುತ್ತಿದ್ದವು. ಜಾಗ ಬದಲಿಸಿದ್ದರಿಂದ ಸಿಕ್ಕಿದ ಈ ಅನುಕೂಲ ಸಣ್ಣದಲ್ಲ. ಹಳೆಯ ಹೆದ್ದಾರಿ ಹೋದ ಮೇಲೆ ನಗರದ ನಡುವೆಯೇ ಎಕರೆಗಟ್ಟಲೆ ನೆಲ ಬಿಡುವಾಯಿತು, ಕತ್ತರಿಸಿಹೋಗಿದ್ದ ಬೀದಿಗಳನ್ನು ಮತ್ತೆ ಸೇರಿಸಲಾಯಿತು.

ಹಳೆಯ ಸೇತುವೆಯ ಕಂಬಗಳನ್ನು ಮಾತ್ರ ನದಿಯಲ್ಲೇ ಉಳಿಸಿಕೊಂಡಿದ್ದರು. ಅವುಗಳ ಮೇಲೆ ಕಟ್ಟಿದ ಪಾದಚಾರಿ ಸೇತುವೆ 2019ರ ಆಗಸ್ಟ್‌ನಲ್ಲಿ ತೆರೆಯಿತು. ಎರಡು ದಂಡೆಯ ಎರಡು ಉದ್ಯಾನಗಳನ್ನು ಅದು ಜೋಡಿಸುತ್ತದೆ. ಅಲ್ಲಿ ಹಂತ ಹಂತವಾದ ಆಸನಗಳಿವೆ, ನೀರಿನ ಹತ್ತಿರ ಬಂದು ಕುಳಿತುಕೊಳ್ಳಬಹುದು. ನೋಡಿ, ಪಾದಚಾರಿ ಸೇತುವೆ ಎಂದರೆ ನನಗೇನೂ ದ್ವೇಷವಿಲ್ಲ. ನದಿಯನ್ನು ದಾಟಿಸುವ ಪಾದಚಾರಿ ಸೇತುವೆ ಜನರಿಗೆ ಉಡುಗೊರೆ. ರಸ್ತೆಯನ್ನು ದಾಟಿಸುವುದು ಜನರ ಮೇಲೆ ಹೊರಿಸಿದ ಸುಂಕ.

ಇನ್ನು ದುಂದುವೆಚ್ಚದ ಮಾತು. ಕಾಂಕ್ರೀಟ್ ಶಾಶ್ವತ ಎಂಬ ಭಾವನೆ ನಮ್ಮೆಲ್ಲರಲ್ಲೂ ಇದೆ. ಸೇತುವೆಯ ಜೋಡಣೆಗಳಲ್ಲಿ ನೀರು ಇಳಿಯುತ್ತದೆ, ನೀರಿನ ಜೊತೆ ಉಪ್ಪು ಸೇರುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಐವತ್ತು ಅರವತ್ತು ವರ್ಷ ದಾಟಿದ ಮೇಲೆ ರಿಪೇರಿಯ ಖರ್ಚೇ ಏರುತ್ತ ಹೋಗುತ್ತದೆ. ಜೊತೆಗೆ ಹಳೆಯ ಕ್ಲೋವರ್‌ಲೀಫ್‌ಗಳಲ್ಲಿ ಒಳಬರುವ ವಾಹನವೂ ಹೊರಹೋಗುವ ವಾಹನವೂ ಒಂದೇ ಗಿಡ್ಡ ಪಥದಲ್ಲಿ ಪರಸ್ಪರ ಅಡ್ಡ ಹಾಯಬೇಕು. ಅಪಘಾತಕ್ಕೆ ಬೇರೆ ಆಹ್ವಾನ ಬೇಡ. ಆದ್ದರಿಂದ ಕೆಡವಬೇಕೇ ಉಳಿಸಬೇಕೇ ಎಂಬ ಪ್ರಶ್ನೆ ಬಹಳ ಕಡೆ ಇಲ್ಲವೇ ಇಲ್ಲ. ಹೊಸದನ್ನು ಕಟ್ಟುವಾಗ ಹಳೆಯ ಅಚ್ಚಿನಲ್ಲೇ ಮತ್ತೆ ಎರಕ ಹೊಯ್ಯಬೇಕೇ ಎಂಬುದಷ್ಟೇ ಪ್ರಶ್ನೆ.

ಸ್ಟಾಕ್‌ಹೋಮ್‌ನ ಸ್ಲುಸೆನ್ ನನಗೆ ಬಹಳ ಇಷ್ಟವಾದ ಉದಾಹರಣೆ. ಮೆಲಾರೆನ್ ಸರೋವರ ಸಮುದ್ರಕ್ಕೆ ಸೇರುವ ಇಕ್ಕಟ್ಟಿನ ಜಾಗವದು. ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಲಾಕ್ ಅಲ್ಲಿ 1642ರಿಂದಲೂ ಇದೆ. 1935ರಲ್ಲಿ ಅದರ ಮೇಲೆ ಕ್ಲೋವರ್‌ಲೀಫ್ ಇಂಟರ್‌ಚೇಂಜ್ ಕಟ್ಟಿದರು. ಆ ಕಾಲಕ್ಕೆ ಅದು ಹೆಮ್ಮೆಯ ಕೆಲಸ. 1967ರ ಸೆಪ್ಟೆಂಬರ್ 3ರಂದು ಇಡೀ ಸ್ವೀಡನ್ ರಸ್ತೆಯ ಎಡಬದಿಯಿಂದ ಬಲಬದಿಗೆ ಬದಲಾದಾಗಲೂ ಅದು ಕೆಲಸ ನಿಲ್ಲಿಸಲಿಲ್ಲ. ಆದರೆ ಎಂಬತ್ತು ವರ್ಷಗಳಲ್ಲಿ ಕಟ್ಟಡ ಶಿಥಿಲವಾಯಿತು, 2016ರಲ್ಲಿ ಮರುನಿರ್ಮಾಣ ಆರಂಭವಾಯಿತು. ಕೆಲಸ ನಡೆಯುವಾಗ ವಾಹನ ಸಂಚಾರ ನಿಲ್ಲಬಾರದೆಂದು, ಚೀನಾದಲ್ಲಿ ತಯಾರಿಸಿದ ಹೊನ್ನಿನ ಬಣ್ಣದ ಉಕ್ಕಿನ ಸೇತುವೆಯನ್ನು ಹಡಗಿನಲ್ಲಿ ತಂದು 2020ರಲ್ಲಿ ಸಂಚಾರಕ್ಕೆ ತೆರೆದರು. ಹಳೆಯ ಇಂಟರ್‌ಚೇಂಜಿಗಿಂತ ವಾಹನಕ್ಕೆ ಕಡಿಮೆ ಜಾಗ, ನಡೆಯುವವರಿಗೆ ಮತ್ತು ಸೈಕಲ್ಲಿಗೆ ಹೆಚ್ಚು ಜಾಗ ಎಂಬುದು ಹೊಸ ವಿನ್ಯಾಸದ ನೆಲೆ. ಅಷ್ಟೇ ಅಲ್ಲ, ಮೆಲಾರೆನ್ ಸುಮಾರು 20 ಲಕ್ಷ ಜನರಿಗೆ ಕುಡಿಯುವ ನೀರು ಕೊಡುವ ಸರೋವರ. ಅದು ತುಂಬಿ ಉಕ್ಕಿದರೆ ಪ್ರವಾಹ, ಸಮುದ್ರದ ನೀರು ಒಳನುಗ್ಗಿದರೆ ಕುಡಿಯುವ ನೀರು ಉಪ್ಪು. ಹೀಗಾಗಿ ಹೊಸ ಸ್ಲುಸೆನ್‌ನಲ್ಲಿ ಹೆಚ್ಚುವರಿ ನೀರನ್ನು ಸಮುದ್ರಕ್ಕೆ ಬಿಡುವ ಸಾಮರ್ಥ್ಯವನ್ನು ಹಿಂದಿನದರ ಐದು ಪಟ್ಟು ಮಾಡಿದರು. ರಸ್ತೆಯ ಕೆಲಸವೆಂದು ತೋರುವುದರೊಳಗೆ ನೀರಿನ ಕೆಲಸ ಎಷ್ಟಿದೆ ಎಂಬುದನ್ನು ಗಮನಿಸಿ. ಸಿಯಾಟಲ್‌ನಲ್ಲೂ ಹಾಗೆಯೇ: ದಡದ ಗೋಡೆಯನ್ನು ಹೊಸದಾಗಿ ಕಟ್ಟುವಾಗ, ನೀರಿನ ಮೇಲೆ ಚಾಚಿಕೊಂಡ ಕಾಲುದಾರಿಯಲ್ಲಿ ಗಾಜಿನ ತುಂಡುಗಳನ್ನು ಕೂರಿಸಿದ್ದಾರೆ. ನೆರಳಿಗೆ ಹೆದರಿ ಹಿಂದೆಗೆಯುವ ಸಾಲ್ಮನ್ ಮರಿಗಳಿಗೆ ಗೋಡೆಯ ಬುಡದಲ್ಲೂ ಬೆಳಕು ಬೀಳಲಿ ಎಂದು.

ವಾಹನಗಳೆಲ್ಲ ಎಲ್ಲಿಗೆ ಹೋಗುತ್ತವೆ? ಸ್ಯಾನ್‌ಫ್ರಾನ್ಸಿಸ್ಕೋದ ದಡದ ಮೇಲೆ ಎರಡು ಅಂತಸ್ತಿನ ಎಂಬಾರ್ಕಡೆರೋ ಹೆದ್ದಾರಿ 1959ರಲ್ಲಿ ಬಂತು. 1986ರಲ್ಲಿ ಅದನ್ನು ಕೆಡವುವ ಪ್ರಸ್ತಾಪ ಜನಮತಕ್ಕೆ ಹೋದಾಗ ಜನರೇ ಬೇಡವೆಂದರು, ನೀವು ಹೇಳುವ ಭಯವೇ ಅದಕ್ಕೂ ಕಾರಣವಾಗಿತ್ತು. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಅದು ಜಖಂಗೊಂಡಿತು. ಅದೇ ಕಂಪನಕ್ಕೆ ಎದುರು ದಡದ ಓಕ್ಲೆಂಡ್‌ನಲ್ಲಿ ಇಂಥದೇ ಎರಡಂತಸ್ತಿನ ಹೆದ್ದಾರಿ ಕುಸಿದು 42 ಜನ ಸತ್ತಿದ್ದರು. ಮೇಯರ್ ಆರ್ಟ್ ಆಗ್ನೋಸ್ ಪಟ್ಟು ಹಿಡಿದು 1991ರಲ್ಲಿ ಹೆದ್ದಾರಿಯನ್ನು ಕೆಡವಲು ಶುರುಮಾಡಿಸಿದರು. ವ್ಯಾಪಾರ ಕೆಡುತ್ತದೆಂದು ಚೈನಾಟೌನ್‌ನ ವರ್ತಕರು ತೀವ್ರವಾಗಿ ವಿರೋಧಿಸಿದ್ದರು, ಅದೇ ವರ್ಷದ ಚುನಾವಣೆಯಲ್ಲಿ ಆಗ್ನೋಸ್ ಸೋತರು. ಊರು ಮಾತ್ರ ಸ್ತಬ್ಧವಾಗಲಿಲ್ಲ. ಇಂದು ಅಲ್ಲಿ ಮರಗಳ ಸಾಲಿರುವ ರಸ್ತೆ, ಟ್ರ್ಯಾಮ್, ಮತ್ತೆ ಜೀವ ಪಡೆದ ಫೆರಿ ಕಟ್ಟಡ ಇವೆ. ರಸ್ತೆಯ ಜಾಗ ಕಡಿತವಾದ 70ಕ್ಕೂ ಹೆಚ್ಚು ಪ್ರಕರಣಗಳನ್ನು ಸ್ಯಾಲಿ ಕೇರ್ನ್ಸ್, ಸ್ಟೀಫನ್ ಆಟ್ಕಿನ್ಸ್, ಫಿಲ್ ಗುಡ್ವಿನ್ 2002ರಲ್ಲಿ ಪರಿಶೀಲಿಸಿದಾಗ, ಅರ್ಧದಷ್ಟು ಪ್ರಕರಣಗಳಲ್ಲಿ ಆ ರಸ್ತೆ ಅಥವಾ ಪ್ರದೇಶವನ್ನು ಮೊದಲು ಬಳಸುತ್ತಿದ್ದ ವಾಹನಗಳಲ್ಲಿ ಸುಮಾರು ಶೇ. 11 ಅಥವಾ ಅದಕ್ಕಿಂತ ಹೆಚ್ಚು ಸುತ್ತಲಿನ ರಸ್ತೆಗಳಲ್ಲೂ ಕಾಣಸಿಗಲಿಲ್ಲ. ಕೆಲವರು ಬೇರೆ ಹೊತ್ತಿಗೆ ಹೊರಟರು, ಕೆಲವರು ಬಸ್ಸು ಹಿಡಿದರು, ಕೆಲವರು ಹೋಗುವುದನ್ನೇ ಬಿಟ್ಟರು.

ಹಾಗೆಂದು ಎಲ್ಲ ಕಡೆಯೂ ಹೆದ್ದಾರಿಯನ್ನು ಕಿತ್ತೆಸೆಯಬಹುದು ಎಂದು ನಾನು ಹೇಳುತ್ತಿಲ್ಲ. ಪ್ರಾವಿಡೆನ್ಸ್ ಹೆದ್ದಾರಿಯನ್ನು ತೆಗೆಯಲಿಲ್ಲ, ಸರಿಸಿತು. ಸಿಯಾಟಲ್ ದಡದ ಮೇಲ್ಸೇತುವೆ ಹೆದ್ದಾರಿಗೆ ಬದಲಾಗಿ ಸುರಂಗ ಕೊರೆಯಿತು. ಅಲ್ಲಿ ಕೊರೆಯುವ ಯಂತ್ರ 2013ರ ಡಿಸೆಂಬರ್‌ನಲ್ಲಿ ಕೆಟ್ಟು ಎರಡು ವರ್ಷ ನೆಲದಡಿಯಲ್ಲಿ ನಿಂತುಬಿಟ್ಟಿತ್ತು. ಸುರಂಗ ಎಲ್ಲಕ್ಕಿಂತ ದುಬಾರಿಯಾದ, ಎಲ್ಲಕ್ಕಿಂತ ಅನಿಶ್ಚಿತವಾದ ದಾರಿ, ಬೇರೆ ಉಪಾಯವಿದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ದಡ ಯಾರ ಪಾಲಾಗುತ್ತದೆ ಎಂಬ ನಿಮ್ಮ ಆತಂಕ ನೂರಕ್ಕೆ ನೂರು ಸರಿ. ಇತಿಹಾಸ ನೋಡಿದರೆ ನೋವು ಇನ್ನೂ ಹಿಂದಿನಿಂದ ಬಂದದ್ದು. ಹೆದ್ದಾರಿ ಕಟ್ಟುವಾಗ ಮನೆ ಕಳೆದುಕೊಂಡವರು ಬಡವರು. ಅಮೆರಿಕದ ಸಿರಾಕ್ಯೂಸ್‌ನಲ್ಲಿ ಐ-81ರ ಎತ್ತರಿಸಿದ ರಸ್ತೆ ಬಂದದ್ದು 15ನೆಯ ವಾರ್ಡ್ ಎಂಬ ಕರಿಯರ ಬಡಾವಣೆಯ ಎದೆಯ ಮೇಲೆ. ರಸ್ತೆಯ ಹೊಗೆಯಲ್ಲಿ ದಶಕಗಟ್ಟಲೆ ಬದುಕಿದವರನ್ನೇ, ರಸ್ತೆ ಹೋಗಿ ಗಾಳಿ ತಿಳಿಯಾದ ಮೇಲೆ ಬಾಡಿಗೆ ಏರಿಸಿ ಹೊರಗಟ್ಟುವುದಾದರೆ ಅದು ಎರಡನೆಯ ಸಲ ಮಾಡುವ ಅನ್ಯಾಯ. ಬಿಡುವಾದ ನೆಲ ಸಾರ್ವಜನಿಕರದ್ದು, ಹೆದ್ದಾರಿಗೆಂದು ಅದನ್ನು ಜನರ ಹೆಸರಿನಲ್ಲೇ ತೆಗೆದುಕೊಂಡಿದ್ದರು. ಅದನ್ನು ಮಾರದೆ ಗುತ್ತಿಗೆಗೆ ಕೊಡಬೇಕು, ಕಡಿಮೆ ಬಾಡಿಗೆಯ ಮನೆಗಳ ಪಾಲು ಎಷ್ಟೆಂದು ಮೊದಲ ಕಂಬ ಉರುಳುವ ಮುಂಚೆಯೇ ಕಾಗದದ ಮೇಲೆ ಬರಬೇಕು, ನೀರಿಗೆ ತಾಗಿದ ಪಟ್ಟಿ ಯಾವ ಕಾಲಕ್ಕೂ ಖಾಸಗಿಯವರ ಕೈಸೇರಬಾರದು. ಬೆಲೆ ಏರಿದ ಮೇಲೆ ಈ ಮಾತು ಎತ್ತಿದರೆ ಕೇಳುವವರಿರುವುದಿಲ್ಲ.

ನಕ್ಷೆ ಎದುರಿಗೆ ಬಂದರೆ, ಆಕಾಶದಿಂದ ನೋಡಿದಂತೆ ಬಿಡಿಸಿದ ಬಣ್ಣದ ಚಿತ್ರಗಳನ್ನು ಪಕ್ಕಕ್ಕಿಡಿ. ರಸ್ತೆಯನ್ನು ಅಡ್ಡಲಾಗಿ ಕತ್ತರಿಸಿ ತೋರಿಸುವ ರೇಖಾಚಿತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ಎಷ್ಟು ಪಥಗಳಿವೆ ಎಣಿಸಿ. ಮೇಲ್ಸೇತುವೆ ಹೋದ ಜಾಗದಲ್ಲಿ ಅಷ್ಟೇ ಅಗಲದ ರಸ್ತೆ ನೆಲದ ಮೇಲೆ ಬಂದು ಕುಳಿತರೆ ಗೋಡೆ ಮಲಗಿತು ಎನ್ನಬಹುದು, ಹೋಯಿತು ಎನ್ನಲಾಗದು. ಸಿಯಾಟಲ್‌ನ ಹೊಸ ದಡದ ರಸ್ತೆ ಫೆರಿ ನಿಲ್ದಾಣದ ಹತ್ತಿರ ಎಂಟು ಪಥಗಳವರೆಗೆ ಹಿಗ್ಗಿದೆ, ಅದಕ್ಕೆ ಬಂದ ಟೀಕೆ ನ್ಯಾಯವಾದದ್ದು. 3.3 ಮೀಟರ್ ಅಗಲದ ಎಂಟು ಪಥವೆಂದರೆ 26 ಮೀಟರ್ ದಾಟಬೇಕು. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 22 ಸೆಕೆಂಡ್ ಸಾಕು. ಕೋಲೂರಿ 0.8 ಮೀಟರ್ ನಡೆಯುವವರಿಗೆ 33 ಸೆಕೆಂಡ್ ಬೇಕು. ಸಿಗ್ನಲ್ ಯಾರ ನಡಿಗೆಗೆ ಲೆಕ್ಕ ಹಾಕಿದ್ದು ಎಂದು ಎಂಜಿನಿಯರರನ್ನು ಸಭೆಯಲ್ಲೇ ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿ. ಪಥಗಳ ಸಂಖ್ಯೆ ಅಲ್ಲೇ ಕಡಿಮೆಯಾಗುವ ಸಾಧ್ಯತೆಯೂ ಇದೆ.

– ಸಂಪಾದಕ