ಹಳೆ ಸ್ಟೆಂಟ್ ಒಳಗೇ ಮತ್ತೆ ಬ್ಲಾಕ್: ಬಲೂನ್ ಸಾಕೇ?

ಪ್ರಶ್ನೆ: ಅಪ್ಪನಿಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ. ಮೂರು ವರ್ಷದ ಹಿಂದೆ ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿದ್ದೆವು. ಈಗ ಬಂದರಿನಿಂದ ಮನೆಗೆ ನಡೆದು ಬರುವಷ್ಟರಲ್ಲಿ ಎದೆ ಹಿಡಿಯುತ್ತದೆ. ಆ್ಯಂಜಿಯೋಗ್ರಾಂನಲ್ಲಿ ಆ ಸ್ಟೆಂಟ್ ಒಳಗೇ ಬ್ಲಾಕ್ ಕಂಡಿದೆ. ಔಷಧ ಲೇಪಿಸಿದ ಬಲೂನ್ ಸಾಕು ಎನ್ನುತ್ತಾರೆ ಡಾಕ್ಟರು. ಬಲೂನ್ ಹಳೇ ಚಿಕಿತ್ಸೆಯಲ್ಲವೇ? ಇನ್ನೊಂದು ಸ್ಟೆಂಟ್ ಹಾಕಿಸುವುದೇ ಒಳ್ಳೆಯದಲ್ಲವೇ?
– ಓದುಗರು, ಮಲ್ಪೆ

ಉತ್ತರ: ಡಾಕ್ಟರು ಹೇಳಿದ್ದು ಆ ಹಳೇ ಬಲೂನ್ ಅಲ್ಲ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುನ್‌ಟ್ಸಿಗ್ ಹೃದಯದ ರಕ್ತನಾಳವನ್ನು ಮೊದಲ ಬಾರಿ ಬಲೂನಿನಿಂದ ಅಗಲಿಸಿದರು. ಹಾಗೆ ತೆರೆದ ನಾಳ ಎಷ್ಟೋ ಜನರಿಗೆ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುತ್ತಿತ್ತು. ಹಾಗಾಗಿ ನಾಳವನ್ನು ತೆರೆದಿಡುವ ಲೋಹದ ಜಾಲರಿ, ಅಂದರೆ ಸ್ಟೆಂಟ್ ಬಂತು, ಆಮೇಲೆ ಔಷಧ ಲೇಪಿತ ಸ್ಟೆಂಟ್ ಬಂತು. ಈಗಿನ ಬಲೂನಿನ ಮೇಲೆ ಅಂಗಾಂಶ ಮತ್ತೆ ಬೆಳೆಯದಂತೆ ತಡೆಯುವ ಪ್ಯಾಕ್ಲಿಟ್ಯಾಕ್ಸೆಲ್ ಅಥವಾ ಸಿರೋಲಿಮಸ್ ಔಷಧ ಇರುತ್ತದೆ. ಅರ್ಧ ನಿಮಿಷದಿಂದ ಒಂದು ನಿಮಿಷ ಉಬ್ಬಿಸಿ ಹಿಡಿದರೆ ಔಷಧ ನಾಳದ ಗೋಡೆಗೆ ಇಳಿಯುತ್ತದೆ. ಬಲೂನ್ ಹೊರಗೆ ಬರುತ್ತದೆ, ಹೊಸ ಲೋಹ ಒಳಗೆ ಉಳಿಯುವುದಿಲ್ಲ.

ಸ್ಟೆಂಟ್ ಒಳಗೆ ಸ್ಟೆಂಟ್ ಹಾಕಿದರೆ ಎರಡು ಪದರ ಲೋಹ ಶಾಶ್ವತವಾಗಿ ಕೂರುತ್ತದೆ. ಮೂರನೇ ಬಾರಿ ಬ್ಲಾಕ್ ಆದರೆ ದಾರಿ ಇನ್ನೂ ಕಷ್ಟ. ನಿಮ್ಮ ಅಪ್ಪನಂಥವರಿಗೆ ಬಲೂನ್ ಒಪ್ಪುವ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಮತ್ತೆ ಚಿಕಿತ್ಸೆ ಬೇಕಾಗುವ ಸಾಧ್ಯತೆ ಮಾತ್ರ ಇನ್ನೊಂದು ಸ್ಟೆಂಟಿಗಿಂತ ತುಸು ಹೆಚ್ಚು, ಅದನ್ನೂ ತಿಳಿದಿರಿ.

ಆದರೆ ಬಲೂನೋ ಸ್ಟೆಂಟೋ ಎನ್ನುವುದಕ್ಕಿಂತ ಮೊದಲು ನೀವು ಕೇಳಲೇಬೇಕಾದ್ದೊಂದಿದೆ: ಆ ಸ್ಟೆಂಟ್ ಯಾಕೆ ಕಿರಿದಾಯಿತು? ಹಾಕಿದ ದಿನವೇ ಅದು ಪೂರ್ತಿ ಅರಳಿರಲಿಲ್ಲವೇ? ಅಥವಾ ಒಳಗೆ ಹೊಸ ಅಂಗಾಂಶ ಬೆಳೆದಿದೆಯೇ? ಬರೀ ಆ್ಯಂಜಿಯೋಗ್ರಾಂನಲ್ಲಿ ಇದು ಸರಿಯಾಗಿ ಗೊತ್ತಾಗುವುದಿಲ್ಲ. ನಾಳದೊಳಗೆ ಇಳಿಸಿ ನೋಡುವ ಐವಸ್ (ಅಲ್ಟ್ರಾಸೌಂಡ್) ಅಥವಾ ಓಸಿಟಿ (ಬೆಳಕಿನಿಂದ ಚಿತ್ರ ತೆಗೆಯುವ) ಪರೀಕ್ಷೆ ಬೇಕು. ಸ್ಟೆಂಟ್ ಅರಳದೆ ಉಳಿದಿದ್ದರೆ ಮೊದಲು ಹೆಚ್ಚು ಒತ್ತಡದ ಬಲೂನಿನಿಂದ ಅದನ್ನು ಅರಳಿಸಬೇಕು. ಅದಾಗದಿದ್ದರೆ ಮೇಲೆ ಎಷ್ಟು ಔಷಧ ಸವರಿದರೂ ಪ್ರಯೋಜನ ಕಡಿಮೆ. ಹಾಗೆ ಸಿದ್ಧಪಡಿಸಿದ ಮೇಲೂ ಸುಮಾರು ಶೇ. 30ಕ್ಕಿಂತ ಹೆಚ್ಚು ಕಿರಿದಾಗಿಯೇ ಉಳಿದರೆ, ಅಥವಾ ಗೋಡೆ ಸೀಳಿ ರಕ್ತದ ಹರಿವಿಗೆ ಅಡ್ಡ ಬಂದರೆ, ಅಲ್ಲೇ ಸ್ಟೆಂಟ್ ಹಾಕುತ್ತಾರೆ. ಅದಕ್ಕೆ ಗಾಬರಿಯಾಗಬೇಡಿ, ಮೊದಲೇ ಒಪ್ಪಿಗೆ ಕೊಟ್ಟಿರಿ.

ಇದನ್ನು ಓದಿ ಪಕ್ಕದ ಮನೆಯವರಿಗೂ ಬಲೂನ್ ಸಾಕೆಂದು ಹೇಳಬೇಡಿ. ಸಣ್ಣ ನಾಳಗಳಲ್ಲಿ ಅದು ಸ್ಟೆಂಟಿಗೆ ಸರಿಸಮ ನಿಂತಿದೆ ನಿಜ. ಆದರೆ 2024ರಲ್ಲಿ ಪ್ರಕಟವಾದ, ಹಿಂದೆ ಸ್ಟೆಂಟ್ ಹಾಕದ ಜಾಗದಲ್ಲಿ ಹೊಸ ಬ್ಲಾಕ್ ಇದ್ದ 2,272 ಮಂದಿಯ ಚೀನಾದ ಅಧ್ಯಯನದಲ್ಲಿ ಹೃದ್ರೋಗದ ಸಾವು, ಹೃದಯಾಘಾತ, ಮರುಚಿಕಿತ್ಸೆ ಸೇರಿ ಎರಡು ವರ್ಷದಲ್ಲಿ ಬಲೂನ್ ಗುಂಪಿನಲ್ಲಿ ಶೇ. 6.4, ಸ್ಟೆಂಟ್ ಗುಂಪಿನಲ್ಲಿ ಶೇ. 3.4 ಬಂತು. ದೊಡ್ಡ ನಾಳದ ಹೊಸ ಬ್ಲಾಕಿಗೆ ಈಗಲೂ ಸ್ಟೆಂಟೇ ಮೊದಲು.

ಅಪ್ಪ ಬೀಡಿ ಸೇದುತ್ತಿದ್ದರೆ ಇಂದೇ ಬಿಡಿಸಿ, ಸಕ್ಕರೆ ಹತೋಟಿಯಲ್ಲಿಡಿ. ಹಲ್ಲು ಕೀಳಿಸಲೆಂದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಎಷ್ಟು ತಿಂಗಳು ಬೇಕೆಂದು ಹೃದ್ರೋಗ ತಜ್ಞರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಈ ನಡುವೆ ಕೂತಲ್ಲೇ ಎದೆನೋವು ಬಂದರೆ ಕೊಟ್ಟ ತಾರೀಕಿಗೆ ಕಾಯದೆ 108ಕ್ಕೆ ಕರೆ ಮಾಡಿ.