ಮರಗಳ್ಳತನ ತಡೆಯಲು ಅರಣ್ಯ ಇಲಾಖೆಗೆ ಇನ್ನಷ್ಟು ಅಧಿಕಾರ ಕೊಟ್ಟರೆ ಆದಿವಾಸಿಗಳಿಗೂ ಒಳ್ಳೆಯದಲ್ಲವೇ?

ಅಲ್ಲ ಎಂದೇ ನನ್ನ ಉತ್ತರ. ಕಾಡು ಕಾಯುವವರು ಬೇರೆ, ಕದಿಯುವವರು ಬೇರೆ ಎಂಬ ನಂಬಿಕೆಯ ಮೇಲೆ ನಿಮ್ಮ ಪ್ರಶ್ನೆ ನಿಂತಿದೆ. ಲಾರಿಗಟ್ಟಲೆ ಶ್ರೀಗಂಧ ತನಿಖಾ ಠಾಣೆಗಳನ್ನು ದಾಟಿ ಹೋಗಬೇಕಾದರೆ ಒಳಗಿನವರ ಕೃಪೆ ಇರಲೇಬೇಕು. ಕಳ್ಳತನ ಬಯಲಾದ ದಿನ ಮೇಲಿನವರಿಗೆ ತೋರಿಸಲು ಆರೋಪಿಗಳೂ ಬೇಕಾಗುತ್ತಾರೆ.

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ವಾಚಾತ್ತಿಯಲ್ಲಿ ನಡೆದದ್ದು ಇದೇ. ಅಲ್ಲಿನವರು ಮಲಯಾಳಿ ಎಂಬ ಬುಡಕಟ್ಟಿನ ಜನ (ಕೇರಳದ ಮಲಯಾಳಿಗಳಲ್ಲ). 1992ರ ಜೂನ್ 20ರಂದು, ಕದ್ದ ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್ ಮತ್ತು ಕಂದಾಯ ಇಲಾಖೆಗಳ ಸಿಬ್ಬಂದಿ ಊರಿಗೆ ನುಗ್ಗಿದರು. ಜನರನ್ನು ಆಲದ ಮರದ ಕೆಳಗೆ ಕೂಡಿಹಾಕಿ ಹೊಡೆದರು, 18 ಮಹಿಳೆಯರ ಮೇಲೆ ಅತ್ಯಾಚಾರ ಎಸಗಿದರು, ಮನೆಗಳನ್ನು ಕೆಡವಿದರು, ಮತ್ತೆ ಯಾರೂ ಅಲ್ಲಿ ಬದುಕದಂತೆ ಕುಡಿಯುವ ನೀರಿನ ಬಾವಿಗೆ ಎಣ್ಣೆ ಸುರಿದರು. ಸಿಬಿಐ ಆರೋಪಪಟ್ಟಿಯಲ್ಲಿದ್ದವರು 269 ಮಂದಿ ಸರ್ಕಾರಿ ನೌಕರರು. ವಿಚಾರಣೆ ಮುಗಿಯುವಷ್ಟರಲ್ಲಿ 54 ಮಂದಿ ತೀರಿಕೊಂಡಿದ್ದರು. ಉಳಿದ 215 ಮಂದಿಯೂ ತಪ್ಪಿತಸ್ಥರೆಂದು ಧರ್ಮಪುರಿಯ ನ್ಯಾಯಾಲಯ 2011ರಲ್ಲಿ ತೀರ್ಪಿತ್ತಿತು. 2023ರಲ್ಲಿ ಅವರ ಮೇಲ್ಮನವಿಗಳನ್ನು ತಳ್ಳಿಹಾಕಿದ ಮದ್ರಾಸ್ ಹೈಕೋರ್ಟ್, ಸಂತ್ರಸ್ತ ಮಹಿಳೆಯರಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತಲ್ಲದೆ, ನಿಜವಾದ ಕಳ್ಳಸಾಗಣೆದಾರರನ್ನೂ ದೊಡ್ಡ ಕುಳಗಳನ್ನೂ ಉಳಿಸಲು ಅಧಿಕಾರಿಗಳು ಆಡಿದ ನಾಟಕವಿದು ಎಂದು ಹೇಳಿತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ.

ಎಲ್ಲೆಡೆಯೂ ವಾಚಾತ್ತಿಯಷ್ಟು ಘೋರವಾದದ್ದು ನಡೆಯುವುದಿಲ್ಲ, ನಿಜ. ಆದರೆ ಹಕ್ಕು ಕಾಗದದ ಮೇಲೆ ಇಲ್ಲದಿರುವಾಗ ಸೌದೆ, ಜೇನು, ನೆಲ್ಲಿಕಾಯಿ ಎಲ್ಲವೂ ಯಾರದೋ ದಯೆಯಿಂದ ಸಿಗುವ ವಸ್ತುಗಳಾಗುತ್ತವೆ. ದಯೆಗೆ ಬೆಲೆ ಕಟ್ಟುವವರು ಹುಟ್ಟಿಕೊಳ್ಳುವುದು ಅಲ್ಲಿಯೇ. 1927ರ ಭಾರತೀಯ ಅರಣ್ಯ ಕಾಯ್ದೆಯಂತೂ ಸಂಶಯವಿರುವ ವ್ಯಕ್ತಿಯನ್ನು ನ್ಯಾಯಾಲಯಕ್ಕೆ ಒಯ್ಯದೆ, ಹಣ ಕಟ್ಟಿಸಿಕೊಂಡು ಬಿಟ್ಟುಬಿಡುವ ಅಧಿಕಾರವನ್ನೂ ಅಧಿಕಾರಿಗೆ ಕೊಟ್ಟಿದೆ.

ಆದ್ದರಿಂದ ಅಧಿಕಾರ ಹೆಚ್ಚಿಸುವುದಾದರೆ ಗ್ರಾಮಸಭೆಯದ್ದನ್ನು ಹೆಚ್ಚಿಸಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಜೇನು, ನೆಲ್ಲಿಕಾಯಿಯಂಥ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಟ್ಟಿದೆ. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಅವರನ್ನು ಒಕ್ಕಲೆಬ್ಬಿಸುವಂತಿಲ್ಲ ಎಂದೂ ಹೇಳಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು ಇದರ ಬಲದಿಂದಲೇ. ಆದರೆ ಕಾಯ್ದೆಯನ್ನು ಉಲ್ಲಂಘಿಸಿದ ಅಧಿಕಾರಿಯ ವಿರುದ್ಧ ದೂರು ಕೊಡಬೇಕಾದರೆ ರಾಜ್ಯ ಮಟ್ಟದ ಸಮಿತಿಗೆ 60 ದಿನಗಳ ಮುಂಚಿತ ನೋಟಿಸ್ ಕೊಟ್ಟು ಕಾಯಬೇಕು. ಅಪರಾಧ ಸಾಬೀತಾದರೂ ದಂಡ ಹೆಚ್ಚೆಂದರೆ 1000 ರೂಪಾಯಿ.