ಅದು ಚಂದ್ರ ಅಲ್ಲ

ಲಿವರ್, ಶ್ವಾಸಕೋಶ, ಹೊಟ್ಟೆ ಇವುಗಳ ಚೀನೀ ಅಕ್ಷರಗಳಲ್ಲಿ ಚಂದ್ರನ ಅಕ್ಷರ (月) ಯಾಕಿದೆ ಅಂತ ಕೇಳಿದ್ದೀರಿ. ಅದು ಚಂದ್ರ ಅಲ್ಲ, ಮಾಂಸ! ಮಾಂಸದ ಅಕ್ಷರವನ್ನು (肉) ಎಡಬದಿಗೆ ಒತ್ತರಿಸಿ ಬರೆದು ಬರೆದು, ಕೊನೆಗೆ ಅದು ಚಂದ್ರನ ಹಾಗೇ ಆಗಿಬಿಟ್ಟಿದೆ. ಒಂಟಿಯಾಗಿ ಬರೆದರೆ ಮಾತ್ರ ಬೇರೆ ಆಕಾರ.

ಈ ಮಾಂಸದ ಅಕ್ಷರವನ್ನು ಓದುವುದು ಒಂದೊಂದು ಕಡೆ ಒಂದೊಂದು ಥರ. ಚೀನಾದ ಮ್ಯಾಂಡರಿನ್‌ನಲ್ಲಿ ರೋ, ಕ್ಯಾಂಟನೀಸ್‌ನಲ್ಲಿ ಯುಕ್, ಜಪಾನಿನಲ್ಲಿ ನಿಕು. ನಿಕು ಅಪ್ಪಟ ಜಪಾನಿ ಪದದಂತೆ ಕೇಳಿಸುತ್ತದೆ ಅಲ್ವಾ? ಅದೂ ಚೀನಾದಿಂದ ಬಂದದ್ದೇ. ಕೊರಿಯಾದಲ್ಲಿ ಯುಕ್ ಅನ್ನುವುದು ಯುಕ್ಹ್ವೆ (ಹಸಿ ದನದ ಮಾಂಸದ ತಿನಿಸು) ಥರದ ಕೂಡುಪದಗಳಲ್ಲಿ ಬರುತ್ತದೆ. ದಿನದ ಮಾತಿಗೆ ಅವರದೇ ಗೋಗಿ ಇದೆ.

ಇನ್ನೊಂದು ವಿಷಯ, ಚೀನಾದ ಮೆನುವಿನಲ್ಲಿ ಬರೀ ರೋ ಅಂತಿದ್ದರೆ ಸಾಮಾನ್ಯವಾಗಿ ಹಂದಿ ಮಾಂಸ. ತಿನ್ನದವರು ಕೇಳಿಕೊಂಡೇ ಆರ್ಡರ್ ಮಾಡಿ.